ರಾಯ್ನಾಳ ಬಾಗಿಲಿಗೆ ಅಂಟಿಸಿದ ಚೀಟಿ

ನಾನು ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಈ ಕೆಲಸ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಮೇಲೆ ಹೋದದ್ದು ಕೆಳಗೆ ಬರಲೇಬೇಕು, ಬರದಿದ್ದರೆ ಯಾರೋ ಎಲ್ಲೋ ಕೈಯಾಡಿಸಿದ್ದಾರೆ ಎಂದು ಹುಡುಕಲು ಹೊರಡುತ್ತಾನೆ. ಚೀಸಿನ ಬೆಲೆ ಏರಿದಾಗ ನಾನು ಹಾಗೆಯೇ ಹೊರಟೆ. ಕೈಗೆ ಸಿಕ್ಕವಳು ರಾಯ್ನಾ.

ರಾಯ್ನಾಳ ಅಂಗಡಿ ನಮ್ಮ ಕಟ್ಟಡದ ನೆಲಮಹಡಿಯಲ್ಲಿತ್ತು. ಲೋಮ್ ಪಟ್ಟಣದಲ್ಲಿ, ಡ್ಯಾನ್ಯೂಬ್ ನದಿಯ ಗಾಳಿ ನೇರವಾಗಿ ಬಂದು ಬಡಿಯುವ ಬೀದಿಯಲ್ಲಿ. ಅವಳು ಹತ್ತೊಂಬತ್ತನೇ ವಯಸ್ಸಿಗೆ ಸರ್ಕಾರಿ ದಿನಸಿ ಅಂಗಡಿಗೆ ಸೇರಿದವಳು. ಆಗ ಬೆಲೆಯನ್ನು ಡಬ್ಬಿಯ ಮುಚ್ಚಳದ ಮೇಲೇ ಒತ್ತಿರುತ್ತಿದ್ದರು. ಸಾಮಾನು ಇಲ್ಲದಿರಬಹುದು, ಬೆಲೆ ಮಾತ್ರ ಕದಲುತ್ತಿರಲಿಲ್ಲ. ಆಮೇಲೆ ಕಮ್ಯುನಿಸ್ಟ್ ಆಳ್ವಿಕೆ ಬಿತ್ತು. ತೊಂಬತ್ತೇಳರ ಚಳಿಗಾಲದಲ್ಲಿ ಅವಳು ದಿನಕ್ಕೆ ಮೂರು ಸಲ ಬೆಲೆ ಚೀಟಿ ಬದಲಿಸಿದ್ದನ್ನು ನಾನೇ ಕಂಡಿದ್ದೇನೆ. ಬ್ರೆಡ್ಡಿನ ಸರದಿಯಲ್ಲಿದ್ದ ಒಬ್ಬ ಮುದುಕ ಅವಳ ಮುಖಕ್ಕೇ ಉಗಿದ. ಅವಳು ಏಪ್ರನ್ನಿನಿಂದ ಒರೆಸಿಕೊಂಡು, "ಮುಂದಿನವರು ಬನ್ನಿ" ಎಂದಳು. ಎರಡು ವರ್ಷ ಕಳೆದು ಗಂಡ ಪೆಟ್ಕೋನ ಜೊತೆ ಸೇರಿ ಸ್ವಂತ ಅಂಗಡಿ ಹಾಕಿದಳು. ಪೆಟ್ಕೋ ತೀರಿಕೊಂಡು ಹತ್ತು ವರ್ಷವಾದರೂ ಪ್ರತಿ ಗುರುವಾರ ಅವನ ಹಳೆಯ ಕಾರಿನಲ್ಲೇ ಸಗಟು ಮಳಿಗೆಗೆ ಹೋಗಿ ಬರುತ್ತಿದ್ದಳು.

ಬೆಲೆಯನ್ನು ನೀಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು, ಏಳು ಅಂಕಿಯ ಸೊಂಟಕ್ಕೆ ಒಂದು ಗೀಟು ಎಳೆದು. ಬಿಳಿ ಚೀಸನ್ನು ಉಪ್ಪುನೀರಿನ ಡಬ್ಬಿಯಿಂದ ಎತ್ತಿ ಕೊಯ್ದು ತೂಗಿದ ಮೇಲೆ ಒಂದು ಸೌಟು ಉಪ್ಪುನೀರು ಸುರಿದು ಕಟ್ಟಿಕೊಡುತ್ತಿದ್ದಳು, ಒಣಗದಿರಲಿ ಎಂದು. ಮುದುಕರಿಗಾಗಿ ಎರಡು ಬ್ರೆಡ್ ಯಾವಾಗಲೂ ಗಲ್ಲಾದ ಕೆಳಗೆ ಎತ್ತಿಟ್ಟಿರುತ್ತಿದ್ದಳು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನ್ನ ಕಣ್ಣಿಗೆ ಇದರಲ್ಲೆಲ್ಲ ಏನೋ ಮಸಲತ್ತೇ ಕಾಣುತ್ತಿತ್ತು.

ಹೋದ ಜನವರಿಯಲ್ಲಿ ನಮ್ಮ ನಾಣ್ಯ ಲೆವ ಹೋಗಿ ಯೂರೋ ಬಂತು. ಎಲ್ಲ ಚೀಟಿಗಳಲ್ಲೂ ಎರಡೆರಡು ಬೆಲೆ. ಮೂರನೇ ತಾರೀಖು ಮೂರನೇ ಮಹಡಿಯ ಸ್ಪಾಸ್ ಓಡಿ ಬಂದು ನನ್ನ ಬಾಗಿಲು ಬಡಿದ. ಆರು ತಿಂಗಳಿಂದ ಯೂರೋಗೆ ಹಿಡಿಶಾಪ ಹಾಕುತ್ತಿದ್ದ ಆಸಾಮಿ.

"ಮಿಂಚಣ್ಣಾ, ಇಳಿದುಬಿಟ್ಟಿದೆ ಕಣೋ! ಹದಿನಾಲ್ಕು ಅರವತ್ತಿದ್ದ ಚೀಸು ಏಳು ತೊಂಬತ್ತಾಗಿದೆ!"

"ಅದು ಯೂರೋ ಕಣಯ್ಯ, ಪುಣ್ಯಾತ್ಮ. ಒಂದು ಪಾಯಿಂಟ್ ಒಂಬತ್ತಾರರಿಂದ ಗುಣಿಸು."

ಸ್ಪಾಸ್ ಗುಣಿಸಿದ. ಹೆಚ್ಚುಕಮ್ಮಿ ಹದಿನೈದೂವರೆ ಲೆವ. ಅವನ ಕಿವಿ ಕೆಂಪಾಯಿತು. "ಬ್ರಸೆಲ್ಸಿನವರು ನುಂಗಿ ನೀರು ಕುಡಿದ್ರು!" ಎಂದು ಕೂಗಿಕೊಂಡ. ಮೆಟ್ಟಿಲಿನಲ್ಲಿ ನಿಂತು ಕೇಳುತ್ತಿದ್ದ ಐದನೇ ಮಹಡಿಯ ಕಿನಾ ಸುಮ್ಮನಿರುವ ಹೆಂಗಸೇ ಅಲ್ಲ. "ಬ್ರಸೆಲ್ಸ್ ಏನ್ ಮಾಡುತ್ತೆ? ನಮ್ಮ ಸೋಫಿಯಾದಲ್ಲಿ ಕೂತಿರೋ ಕಳ್ಳನನ್ಮಕ್ಕಳನ್ನ ಕೇಳು. ನೀನೇ ಓಟು ಹಾಕಿದ್ದಲ್ವಾ?" ಎಂದಳು. ಅರ್ಧ ಗಂಟೆ ಕಚ್ಚಾಡಿದರು. ನನಗೋ ಇಬ್ಬರ ಮಾತೂ ಹಿಡಿಸಲಿಲ್ಲ. ಯೂರೋದವರ ಬ್ರಸೆಲ್ಸ್ ದೂರ, ನಮ್ಮ ರಾಜಧಾನಿ ಸೋಫಿಯಾ ದೂರ. ಆ ಏಳರ ಸೊಂಟಕ್ಕೆ ಗೀಟು ಎಳೆದ ಕೈ ಮಾತ್ರ ನಾಲ್ಕು ಮಹಡಿ ಕೆಳಗಿತ್ತು.

ಇಳಿದು ಹೋಗಿ ಕೇಳಿದೆ.

"ರಾಯ್ನಾ, ಲೆಕ್ಕದ ಪ್ರಕಾರ ಏಳು ನಲವತ್ತಾರು ಆಗಬೇಕು. ತೊಂಬತ್ತು ಹೆಂಗಾಯ್ತು?"

"ಡೈರಿಯವರು ಏರಿಸಿದ್ರು ಮಿಂಚಣ್ಣ."

"ಸರಿಯಾಗಿ ಯೂರೋ ಬಂದ ವಾರವೇ ಏರಿಸಿದ್ರಾ?"

"ಅವರನ್ನೇ ಕೇಳು. ಬ್ರೆಡ್ ನೋಡು, ಎಂಬತ್ತೆರಡು ಸೆಂಟ್ ಆಗಬೇಕಿತ್ತು, ಎಂಬತ್ತಕ್ಕೇ ಹಾಕಿದೀನಿ."

ಎರಡು ಸೆಂಟು ಬಿಟ್ಟವಳು ಎಲ್ಲೋ ಇಪ್ಪತ್ತು ಕಿತ್ತಿರಲೇಬೇಕು ಎಂದುಕೊಂಡೆ. ಅಷ್ಟೇ ಅಲ್ಲ, ಅಂಗಡಿಯಲ್ಲಿ ಹೊಸ ಫ್ರಿಜ್ ಬಂದು ಕೂತಿತ್ತು, ಗಾಜಿನ ಬಾಗಿಲಿನದು. ನಮ್ಮ ಹೊಟ್ಟೆಗೆ ಚೀಸಿಲ್ಲ, ಇವಳಿಗೆ ಫ್ರಿಜ್! ಸ್ಪಾಸನಿಗೆ ಹೇಳಿದೆ, ಅವನೂ ಹೋಗಿ ನೋಡಿ ಬಂದ. ಕಿನಾಳಿಗೆ ಹೇಳಿದೆ, ಅವಳು ಎರಡು ಸಲ ನೋಡಿ ಬಂದಳು. ಬ್ರಸೆಲ್ಸನ್ನೂ ಸೋಫಿಯಾವನ್ನೂ ಮರೆತು ಮೂವರೂ ಮೊದಲ ಬಾರಿಗೆ ಒಂದೇ ಮಾತಿಗೆ ಬಂದೆವು.

ಅದೇ ವಾರ ಊರಿಗೆ ಬೆಲೆ ತಪಾಸಣೆಯವರು ಬರುತ್ತಾರೆ ಎಂಬ ಸುದ್ದಿ ಹಬ್ಬಿತು. ಮಾರನೆಯ ದಿನವೇ ರಾಯ್ನಾ ನನ್ನ ಮನೆಗೆ ಬಂದಳು. "ಹಳ್ಳೀಲಿ ಅಕ್ಕನಿಗೆ ಮೈ ಸರಿಯಿಲ್ಲ, ನಾಲ್ಕು ದಿನ ಇರಲ್ಲ. ಅಂಗಡಿ ಬೀಗದ ಮೇಲೆ ಒಂದು ಕಣ್ಣಿಟ್ಟಿರು, ಮಿಂಚಣ್ಣ" ಎಂದು ಹೇಳಿ ಹೋದಳು. ನನಗೆ ಮಾತ್ರ ಹೇಳಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ತಪಾಸಣೆ ಎಂದ ಕೂಡಲೇ ಓಟ ಕಿತ್ತಳು ಎಂದು ನನಗೆ ಖಾತ್ರಿಯಾಯಿತು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಚೀಟಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುತ್ತೇವೆ. ಮೇಲೆ ಫೋಟೋ, ಕೆಳಗೆ ನಾಲ್ಕು ಸಾಲು, ಕೊನೆಗೆ ದುಃಖಿಸುವವರ ಹೆಸರು. ನಲವತ್ತನೇ ದಿನಕ್ಕೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ನಾನು ಅಚ್ಚಿನಂಗಡಿಗೆ ಹೋಗಿ ಅಂಥದ್ದೊಂದು ಚೀಟಿ ಮಾಡಿಸಿದೆ. ಫೋಟೋದ ಜಾಗದಲ್ಲಿ ಚೀಸಿನ ತುಂಡು. "ನಮ್ಮೆಲ್ಲರ ಪ್ರೀತಿಯ ಬಿಳಿ ಚೀಸ್, ಹದಿನಾಲ್ಕು ಲೆವ ಅರವತ್ತು, ದುರಾಸೆಯೆಂಬ ಕಾಯಿಲೆಗೆ ತುತ್ತಾಗಿ ನಮ್ಮನ್ನಗಲಿದೆ ಎಂದು ತಿಳಿಸಲು ವಿಷಾದಿಸುತ್ತೇವೆ. ದುಃಖತಪ್ತರು: ಕಟ್ಟಡದ ನಿವಾಸಿಗಳು." ಅಚ್ಚಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳಿಗ್ಗೆ ಹಿಮ ಬೀಳುತ್ತಿದ್ದಾಗ ಅದನ್ನು ರಾಯ್ನಾಳ ಮುಚ್ಚಿದ ಬಾಗಿಲಿಗೆ ನನ್ನ ನೀಲಿ ವೈರ್ ಟೇಪಿನಿಂದ ಅಂಟಿಸಿದೆ. ನನ್ನ ಹೆಸರು ಹಾಕಲಿಲ್ಲ. ಅಷ್ಟು ಬುದ್ಧಿ ಇತ್ತು ನನಗೆ.

ಹಿಮದಲ್ಲಿ ಕಾಲು ಜಾರುವ ದಿನ ಯಾರು ಹತ್ತಿರ ಹೋಗಿ ಓದುತ್ತಾರೆ? ಬಾಗಿಲಿಗೆ ಕಪ್ಪು ಅಂಚು ಕಂಡರೆ ನಮ್ಮವರಿಗೆ ಸಾಕು. ಕಿನಾ ಕನ್ನಡಕವಿಲ್ಲದೆ ರಸ್ತೆಯ ಆಚೆಯಿಂದ ನೋಡಿದಳು. ಕೆಳಗೆ ಎಳೆದ ಶಟರು, ಮೇಲೆ ಕಪ್ಪು ಅಂಚಿನ ಚೀಟಿ. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಮೆಟ್ಟಿಲು ಹತ್ತುತ್ತಾ ಅಳಲು ಶುರುಮಾಡಿದಳು.

"ಅಯ್ಯೋ ದೇವರೇ, ರಾಯ್ನಕ್ಕ ಹೋಗ್ಬಿಟ್ಲಲ್ಲೋ! ಅವಳನ್ನ ಬಾಯಿಗೆ ಬಂದ ಹಾಗೆ ಅಂದಿದ್ವಲ್ಲೋ ಮಿಂಚಣ್ಣ!"

ಆಗ ನಾನು ಬಾಯಿಬಿಡಬೇಕಿತ್ತು. "ಸತ್ತಿಲ್ಲ ಮಾರಾಯ್ತಿ, ಅಕ್ಕನ ಮನೇಲಿದ್ದಾಳೆ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ, ಹಾಗಾದರೆ ಆ ಚೀಟಿ ಯಾರದು ಎಂದು ಕೇಳುತ್ತಾರೆ. ನಾನು ತಲೆ ತಗ್ಗಿಸಿ ನಿಂತೆ. ನೋಡಿದವರಿಗೆ ದುಃಖದಲ್ಲಿದ್ದಾನೆ ಅನ್ನಿಸಿರಬೇಕು. ಥೂ, ನನ್ನ ಬಾಳೇ!

ಮೂರು ದಿನ ಊರೆಲ್ಲ ಸುದ್ದಿ ಓಡಾಡಿತು. ಡೈರಿಯ ಗಾಡಿಯವನು ಬಂದು, ದೂರದಿಂದಲೇ ಟೋಪಿ ತೆಗೆದು ಹಿಡಿದು, ರಾಯ್ನಾಳ ಪಾಲಿನ ಚೀಸ್ ಡಬ್ಬಿಗಳನ್ನು ಬೇರೆ ಅಂಗಡಿಗೆ ಇಳಿಸಿ ಹೋದ. ನಮ್ಮ ಕಟ್ಟಡದವರೆಲ್ಲ ಬಸ್ ನಿಲ್ದಾಣದ ಹತ್ತಿರದ ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಚೀಸ್ ಆರು ತೊಂಬತ್ತೊಂಬತ್ತು, ಜೊತೆಗೆ ರಿಯಾಯಿತಿ ಕಾರ್ಡು. ಸ್ಪಾಸ್ ಕಾರ್ಡನ್ನು ನನ್ನ ಮೂಗಿನ ಮುಂದೆ ಆಡಿಸಿದ. "ನೋಡಿದ್ಯಾ? ಬೆಲೆ ಇಳಿದಿದೆ. ಆ ಬಡಪಾಯಿ ರಾಯ್ನಾನೇ ಏರಿಸ್ತಿದ್ಲು, ದೇವರು ಕ್ಷಮಿಸಲಿ." ಹೀಗೆ ಹೇಳಿದ ಆ ದಿನವೇ ಹೋಗಿ ಅವಳ ಬಾಗಿಲಲ್ಲಿ ಎರಡು ಕಾರ್ನೇಷನ್ ಹೂ ಇಟ್ಟ. ಸತ್ತವರಿಗೆ ಇಡುವ ಹಾಗೆ, ಜೋಡಿ ಲೆಕ್ಕದಲ್ಲಿ.

ನಾಲ್ಕನೇ ದಿನ ರಾಯ್ನಾ ಬಂದಳು. ಕಾರಿನಿಂದಿಳಿದು ಹೂ ನೋಡಿದಳು, ಚೀಟಿ ಓದಿದಳು, ಟೇಪಿನ ತುದಿಯನ್ನು ಉಗುರಿನಲ್ಲಿ ಮೀಟಿ ನೋಡಿದಳು. ಆ ನೀಲಿ ಟೇಪಿನಿಂದಲೇ ನಾನು ಅವಳ ತಕ್ಕಡಿಯ ವೈರನ್ನೂ ಸುತ್ತಿ ಕೊಟ್ಟಿದ್ದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪರದೆ ಎಳೆದುಕೊಂಡೆ.

ಮರುದಿನ ಹೋದಾಗ ಅವಳು ಎಂದಿನಂತೆ ಚೀಸಿನ ಡಬ್ಬಿ ತೆರೆದಳು. ಮುನ್ನೂರು ಗ್ರಾಂ ಕೊಯ್ದಳು, ಒಂದು ಸೌಟು ಉಪ್ಪುನೀರು ಸುರಿದಳು. ಇವಳು ಏನೋ ಹೊಂಚು ಹಾಕಿದ್ದಾಳೆ ಎಂದು ನನಗೆ ನಿದ್ದೆ ಬರಲಿಲ್ಲ. ಬುಧವಾರ ಕೊನೆಗೂ ಬಾಯಿಬಿಟ್ಟಳು.

"ನಾಳೆ ಸಗಟು ಮಳಿಗೆಗೆ ಹೋಗ್ತೀನಿ. ಜೊತೆಗೆ ಬಾ."

"ನಾನ್ಯಾಕೆ?"

"ಕಾಯಿಲೆ ಎಲ್ಲಿಂದ ಬಂತು ಅಂತ ನೋಡೋಕೆ. ಕೊನೇ ಸಾಲು ನೀನೇ ಬರೆದಿದ್ದಲ್ವಾ, ಮಿಂಚಣ್ಣ, ದುಃಖತಪ್ತರು ಅಂತ?"

ಹೋದೆ. ಹೋಗದಿದ್ದರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು. ಮಳಿಗೆಯ ಗೋಡೆಯಲ್ಲಿ ಚೀಸಿನ ಸಗಟು ಬೆಲೆ ಬರೆದಿತ್ತು, ಡೈರಿಯ ಗಾಡಿ ಅಂಗಡಿಗೆ ತಂದಿಳಿಸುವುದೂ ಅದೇ ಬೆಲೆಗೆ: ಏಳು ಐವತ್ತೈದು. ಅಂದರೆ ಕಿಲೋಗೆ ಇವಳಿಗೆ ಉಳಿಯುವುದು ಮೂವತ್ತೈದು ಸೆಂಟು. ಅದರಲ್ಲೇ ಪೆಟ್ರೋಲು, ಅದರಲ್ಲೇ ಕರೆಂಟು. ಯಾಕಪ್ಪಾ ಏರಿಸಿದಿರಿ ಎಂದು ಮಳಿಗೆಯವನನ್ನು ಕೇಳಿದೆ. ಅವನು ಡೈರಿಯತ್ತ ಕೈ ತೋರಿಸಿದ. ಡೈರಿಯ ಗಾಡಿಯವನು ಅಲ್ಲೇ ಇದ್ದ, ಅವನು ದನದ ಮೇವು, ಕರೆಂಟು ಎಂದ. ಕರೆಂಟು ಯಾಕೆ ಏರಿತು ಎಂದರೆ ಆಕಾಶ ನೋಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಾರಂತೆ. ಇಲ್ಲಿ ಎತ್ತು ಯಾವುದು ಎಂದೇ ಯಾರಿಗೂ ಗೊತ್ತಿರಲಿಲ್ಲ.

"ಆ ಫ್ರಿಜ್ಜು?" ಎಂದೆ, ವಾಪಸು ಬರುವಾಗ. ಹುಟ್ಟುಗುಣ ಹೋಗಬೇಕಲ್ಲ.

"ಡೈರಿಯವರದ್ದು. ಅವರ ಮಾಲು ಇಟ್ಟರೆ ಪುಕ್ಕಟೆ ಕೊಡ್ತಾರೆ. ಈಗ ವಾಪಸು ಕೇಳ್ತಿದ್ದಾರೆ, ನಾನು ಸತ್ತೆ ಅಂತ ಡಬ್ಬಿ ಬೇರೆಯವರಿಗೆ ಕೊಟ್ಟಾಯ್ತಲ್ಲ." ಸ್ವಲ್ಪ ದೂರ ಹೋದ ಮೇಲೆ ಕೇಳಿದಳು, "ನಾನು ಎಲ್ಲಿದ್ದೆ ಅಂತ ನಿನಗೊಬ್ಬನಿಗೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

ಗೋಡೆಯ ಮೇಲಿನ ಆ ಏಳು ಐವತ್ತೈದನ್ನು ನನಗೆ ತೋರಿಸಲೆಂದೇ ಬರೆಸಿದ್ದಳೇನೋ ಎಂದು ಅಲ್ಲಿಯವರೆಗೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದವನು ನಾನು. ಅವಳು ಹಾಗೆ ಕೇಳಿದ ಮೇಲೆ ಆ ಲೆಕ್ಕ ಬಿಟ್ಟೆ. ಕಿಟಕಿಯಾಚೆ ನೋಡುತ್ತಾ ಕೂತೆ. ನಾಚಿಕೆಯಿಂದ ಕುತ್ತಿಗೆ ಸುಡುತ್ತಿತ್ತು.

ಆಮೇಲೆ ಮನೆಮನೆಗೆ ಹೋಗಿ ಹೇಳಿದೆ, ಚೀಟಿ ನನ್ನದು, ರಾಯ್ನಾ ಏರಿಸಿದ್ದಲ್ಲ, ವಾಪಸು ಬನ್ನಿ ಎಂದು. ಕಿನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವಳು ನಿನಗೆ ಎಷ್ಟು ಚೀಸ್ ಪುಕ್ಕಟೆ ಕೊಟ್ಲು, ನಿಜ ಹೇಳು?" ಎಂದಳು. ಸ್ಪಾಸ್ ಬಾಗಿಲಿನಿಂದಾಚೆ ಬರಲೇ ಇಲ್ಲ, "ಅಲ್ಲಿ ಕಾರ್ಡಲ್ಲಿ ಪಾಯಿಂಟ್ ಬರುತ್ತೆ ಕಣೋ" ಎಂದ. ನಾನು ಬಿತ್ತಿದ್ದೇ ಬೆಳೆದು ನಿಂತಿತ್ತು. ಯಾರನ್ನು ಬೈಯಲಿ?

ಫೆಬ್ರವರಿ ಇಪ್ಪತ್ತೆಂಟಕ್ಕೆ ರಾಯ್ನಾ ಅಂಗಡಿ ಮುಚ್ಚಿದಳು. ಅತ್ತದ್ದನ್ನು ನಾನು ನೋಡಲಿಲ್ಲ. ತಕ್ಕಡಿಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟದ್ದನ್ನು ನೋಡಿದೆ. ಉಳಿದ ಎರಡು ಬ್ರೆಡ್ಡನ್ನು ನನ್ನ ಕೈಯಲ್ಲಿಟ್ಟು, "ಮೇಲಿನ ಮಹಡಿಯ ಅಜ್ಜಿಗೆ ಕೊಡು, ಮರೀಬೇಡ" ಎಂದಳು.

ಈಸ್ಟರ್‌ಗೆ ನಾಲ್ಕು ದಿನವಿದ್ದಾಗ ನಾನೂ ದೊಡ್ಡ ಅಂಗಡಿಗೆ ಹೋದೆ. ಇನ್ನೆಲ್ಲಿಗೆ ಹೋಗಲಿ? ಚೀಸಿನ ಕಪಾಟಿನ ಮುಂದೆ ಅಂಗಡಿಯ ಹಸಿರು ಅಂಗಿ ತೊಟ್ಟ ಹೆಂಗಸೊಬ್ಬಳು ಮಂಡಿಯೂರಿ ಬೆಲೆ ಚೀಟಿ ಸಿಕ್ಕಿಸುತ್ತಿದ್ದಳು. ಎಂಟು ಯೂರೋ ಅರವತ್ತು. ಅಚ್ಚು ಹಾಕಿದ ಚೀಟಿ. ತಿರುಗಿದಳು. ರಾಯ್ನಾ. ಅರವತ್ತೈದು ದಾಟಿದ ಮೇಲೆ ಅರ್ಧ ದಿನದ ಕೆಲಸಕ್ಕೆ ಸೇರಿದ್ದಳು.

"ಎಂಟು ಅರವತ್ತಾ?" ಎಂದು ನನ್ನ ಬಾಯಿ ತನ್ನಷ್ಟಕ್ಕೆ ಕೇಳಿಬಿಟ್ಟಿತು.

"ಹೂಂ. ಯಂತ್ರದಿಂದ ಬರುತ್ತೆ, ನಾನು ಸಿಕ್ಕಿಸ್ತೀನಿ." ಮಂಡಿ ಹಿಡಿದುಕೊಂಡು ಎದ್ದಳು. "ಈ ಸಲ ಯಾರ ಬಾಗಿಲಿಗೆ ಅಂಟಿಸ್ತೀಯಾ, ಮಿಂಚಣ್ಣ?"

ಹೊರಗೆ ಬರುವಾಗ ನೋಡಿದೆ. ಅವರ ಬಾಗಿಲು ಗಾಜಿನದು. ಜನ ಹತ್ತಿರ ಬಂದರೆ ತಾನಾಗಿಯೇ ಎರಡೂ ಕಡೆ ಸರಿದು ಗೋಡೆಯೊಳಗೆ ಹೋಗುತ್ತದೆ. ಬಡವನ ಕೋಪ ದವಡೆಗೆ ಮೂಲ ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ದವಡೆಯಾದರೂ ನನ್ನದೇ ಆಗಿರಬೇಕಿತ್ತು.

ಲೆಕ್ಕ ಹಾಕಿದರೆ ಅದು ಅಂಗಡಿ ಮುಚ್ಚಿದ ನಲವತ್ತನೇ ದಿನ. ಅಚ್ಚಿನಂಗಡಿಗೆ ಹೋಗಿ ಇನ್ನೊಂದು ಚೀಟಿ ಮಾಡಿಸಿದೆ. ಈ ಸಲ ಅವನು ನಗಲಿಲ್ಲ. "ರಾಯ್ನಾಳ ಅಂಗಡಿ, ೧೯೯೯–೨೦೨೬. ಬ್ರೆಡ್ಡಿಗೆ ಎರಡು ಸೆಂಟು ಬಿಟ್ಟಿದ್ದ, ಚೀಸಿಗೆ ಒಂದು ಸೌಟು ಉಪ್ಪುನೀರು ಸುರಿಯುತ್ತಿದ್ದ ಅಂಗಡಿ. ನಮ್ಮನ್ನಗಲಿ ನಲವತ್ತು ದಿನ." ಅದೇ ನೀಲಿ ಟೇಪಿನಿಂದ ಮುಚ್ಚಿದ ಬಾಗಿಲಿಗೆ ಅಂಟಿಸುತ್ತಿದ್ದಾಗ ರಸ್ತೆಯ ಆಚೆಯಿಂದ ಕಿನಾ ಕೂಗಿದಳು, ಎಂದಿನಂತೆ ಕನ್ನಡಕವಿಲ್ಲದೆ.

"ಈಗ ಯಾರು ಹೋದ್ರು ಮಿಂಚಣ್ಣ? ಯಾರು ಕಾರಣ?"

"ಹತ್ತಿರ ಬಂದು ಓದು, ತಾಯಿ," ಎಂದೆ. "ಕೊನೇ ಸಾಲಲ್ಲಿ ಹೆಸರು ಹಾಕಿದೀನಿ. ನನ್ನದೇ."