ಕನ್ನಡ ಪೇಪರಿನ ಮೇಲೆ ತುಂಬೆಯ ಅಚ್ಚು

ಅಕ್ಕಿ ಡ್ರಮ್ಮಿನ ಕೆಳಗಿಂದ ಎರಡು ದಿನದಿಂದ ಏನೋ ವಾಸನೆ. ಇಲಿ ಸತ್ತಿರಬೇಕೆಂದು ಡ್ರಮ್ ಸರಿಸಿದೆ. ನೋಡಿದರೆ ಹಳೆಯ ಪೇಪರಿನ ಕಟ್ಟು, ಅದರ ನಡುವೆ ಕಪ್ಪಗೆ ಕೊಳೆತ ದೊಡ್ಡಪತ್ರೆಯ ಟೊಂಗೆ. ಮಗಳು ಈ ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿದ್ದಾಳೆ. ಗಿಡಗಳನ್ನು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ ಕೊಡಬೇಕಂತೆ. ಒತ್ತಿಡಲು ಭಾರಕ್ಕೆ ನಮ್ಮ ಅಕ್ಕಿ ಡ್ರಮ್. ಒದ್ದೆ ಪೇಪರು, ಶಾಯಿ, ಎಲೆಯ ರಸ ಸೇರಿದ ಆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾದವಳು ಅಲ್ಲೇ ಕೂತುಬಿಟ್ಟೆ. ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರು ನೆನಪಾದರು...

ನಾವೆಲ್ಲ ಅವರನ್ನು ಅಟೆಂಡರಣ್ಣ ಅನ್ನುತ್ತಿದ್ದೆವು. ಸಸ್ಯಶಾಸ್ತ್ರದ ಮೇಡಂ ಜೊತೆ ತಮಿಳು, ಗಾಜಿನ ಸಾಮಾನು ತರುವವನ ಜೊತೆ ತೆಲುಗು, ತಮಿಳು ಸೀಮೆಯ ಗಡಿಹಳ್ಳಿ ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದ ನನ್ನ ಜೊತೆ ಕನ್ನಡ. ಏನನ್ನೂ ಬಿಸಾಡುವವರಲ್ಲ. ನಾವು ಗಿಡಗಳನ್ನು ಒತ್ತಿಟ್ಟು ತೆಗೆದ ಪೇಪರುಗಳನ್ನೂ ಬಿಸಿಲಿಗೆ ಹಾಕಿ, ಬಾಟಲಿ ಸುತ್ತಲು ಬೇಕಾಗುತ್ತದೆಂದು ಬೀರುವಿನ ಮೇಲೆ ಜೋಡಿಸಿಡುತ್ತಿದ್ದರು.

ಒಟ್ಟು ಇಪ್ಪತ್ತು ಗಿಡ ಕೊಡಬೇಕಿತ್ತು. ತುಂಬೆ, ಉತ್ತರಾಣಿ, ತಂಗಡಿ, ನೆಲನೆಲ್ಲಿ... ಹೀಗೆ ಹದಿನೆಂಟನ್ನು ಹೊಲದ ಬದುಗಳಲ್ಲಿ ಅಲೆದು ನಾನೇ ತಂದಿದ್ದೆ. ಎಕ್ಕ, ದೊಡ್ಡಪತ್ರೆ ಮಾತ್ರ ಎರಡು ಸಲ ಒತ್ತಿಟ್ಟರೂ ಬೂಷ್ಟು ಹಿಡಿದವು. ಹೋದ ವರ್ಷದವರ ಹಾಳೆಗಳನ್ನು ಕಿರಿಯರು ಪಡೆಯುವುದು ನಮ್ಮಲ್ಲಿ ನಡೆದುಬಂದದ್ದೇ. ಒಬ್ಬ ಸೀನಿಯರ್ ಅಕ್ಕನಿಂದ ಆ ಎರಡು ಹಾಳೆ ತಂದೆ. ಅವರ ಚೀಟಿ ಕಿತ್ತು, ನನ್ನ ಹೆಸರು, ನಮ್ಮೂರು ಬರೆದು ಅಂಟಿಸಿದೆ. ಹಾಳೆಯನ್ನು ತಿರುಗಿಸಿ ನೋಡಲಿಲ್ಲ. ಹಿಂಬದಿಯ ಮೂಲೆಯಲ್ಲಿ, ಹೋದ ವರ್ಷದ ತಾರೀಖಿನೊಂದಿಗೆ, ಮೇಡಂ ಅವರದೇ ಸಹಿ ಇತ್ತು!

ಮೇಡಂ ಬೈಯಲಿಲ್ಲ. ಇಡೀ ಕಟ್ಟನ್ನು ಪಕ್ಕಕ್ಕೆ ತಳ್ಳಿ, ಎಲ್ಲಕ್ಕೂ ಸೊನ್ನೆ ಎಂದರು. ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಒಂದು ವರ್ಷ ಹೋದಂತೆ. ವರ್ಷ ಹೋದರೆ ಓದು ಬಿಡಿಸುತ್ತೇವೆಂದು ಮನೆಯಲ್ಲಿ ಮೊದಲೇ ಹೇಳಿದ್ದರು. ತಪ್ಪು ಮಾಡಿದವಳು ಏನೆಂದು ಕೇಳಲಿ? ಲ್ಯಾಬಿನ ಮೂಲೆಯಲ್ಲಿ ನಿಂತು ಅತ್ತೆ.

"ಎಲೆ ಒಣಗ್ಸೋ ಜಾಗ ಕಣಮ್ಮ ಇದು. ಹಿಂಗ್ ನೀರು ಸುರಿಸಿದ್ರೆ ಎಲ್ಲಾ ಬೂಷ್ಟು ಹಿಡೀತದೆ," ಎಂದರು ಅಟೆಂಡರಣ್ಣ.

ನಡೆದದ್ದನ್ನು ಹೇಳಿದೆ.

"ಎಲ್ಡು ಕದ್ದು, ಇಪ್ಪತ್ತಕ್ಕೂ ಸೊನ್ನೆ ಅಂದ್ರೆ ತಲೆ ಆಡಿಸ್ಬುಟ್ಟು ಬಂದ್ಯಾ? ಒಳ್ಳೆ ಹುಡುಗಿ ಕಣಮ್ಮ ನೀನು! ಕಾಗ್ದ ಬರ್ದು ಕೊಡು. ಎಲ್ಡು ನಂದಲ್ಲ ಅಂತ ಮೊದ್ಲು ಬರಿ. ಆಮೇಲೆ, ಮಿಕ್ಕಿದ್ದು ನೋಡಿ ಮಾರ್ಕ್ ಹಾಕಿ ಅಂತ ಕೇಳು. ಬಿಸಿಲಲ್ಲಿ ಅಲೆದೋಳು ನೀನು, ಕೇಳಕ್ಕೇನು?"

ಬರೆದೆ. ಮೊದಲ ಸಾಲನ್ನು ಎರಡು ಸಲ ಹೊಡೆದುಹಾಕಿ ಬರೆದೆ. ಎರಡನೆಯ ಸಾಲನ್ನು ಇನ್ನೂ ಹೆಚ್ಚು ಸಲ.

ಮೂರನೆಯ ದಿನ ಮೇಡಂ ನನ್ನನ್ನು ಕರೆದು ಅದನ್ನು ಓದಿದರು. ಹದಿನೆಂಟು ನಿನ್ನದೇ ಎಂದು ಹೇಗೆ ನಂಬಲಿ ಎಂದು ತಮಿಳಿನಲ್ಲಿ ಕೇಳಿದರು. ಅಟೆಂಡರಣ್ಣ ಸ್ಟೂಲು ಹತ್ತಿ, ಬೀರುವಿನ ಮೇಲಿನ ಪೇಪರಿನ ಕಟ್ಟು ಇಳಿಸಿದರು. ತಮಿಳಿನವುಗಳ ನಡುವಿನಿಂದ ಕನ್ನಡದವನ್ನು ಆರಿಸಿ ಮೇಜಿನ ಮೇಲೆ ಹರಡಿದರು. ಇಡೀ ಕ್ಲಾಸಿನಲ್ಲಿ ಕನ್ನಡ ಪೇಪರು ತರುತ್ತಿದ್ದವಳು ನಾನೊಬ್ಬಳೇ. ಅಕ್ಷರಗಳ ಮೇಲೆ ಗಿಡಗಳ ಕಂದು ಅಚ್ಚು ಬಿದ್ದಿತ್ತು. ಮೇಡಂ ನನ್ನ ತುಂಬೆಯ ಹಾಳೆಯನ್ನು ಒಂದು ಪೇಪರಿನ ಪಕ್ಕಕ್ಕಿಟ್ಟರು. ಹುಳ ತಿಂದ ಎಲೆಯ ತೂತು ಕೂಡ ಎರಡರಲ್ಲೂ ಒಂದೇ ಜಾಗದಲ್ಲಿ...

ಹನ್ನೊಂದು ಗಿಡಕ್ಕೆ ಅಚ್ಚು ಸಿಕ್ಕಿತು. ಉಳಿದ ಏಳರ ಚೀಟಿಯನ್ನು ಕೈಯಿಂದ ಮುಚ್ಚಿ, ಯಾವ ಗಿಡ, ಎಲ್ಲಿ ಬೆಳೆದಿತ್ತು, ಹೂವಿನ ಬಣ್ಣವೇನು ಎಂದು ಮೇಡಂ ಕೇಳುತ್ತ ಹೋದರು. ನಾನು ಹೇಳುತ್ತ ಹೋದೆ. ಕೊನೆಗೆ ಸೊನ್ನೆಯನ್ನು ಹೊಡೆದುಹಾಕಿ ಹದಿನೆಂಟಕ್ಕೆ ಮಾರ್ಕು ಹಾಕಿದರು. ಎರಡಕ್ಕೆ ಹಾಕಲಿಲ್ಲ, ನಾನೂ ಕೇಳಲಿಲ್ಲ. ಪಾಸಾಗಲು ಅಷ್ಟು ಸಾಕಿತ್ತು. ಆದರೂ ಆ ಎರಡನ್ನು ಒಣಗಿಸಿ ತಂದು ತೋರಿಸಬೇಕೆಂದರು.

ಅಂದು ಬಸ್ ಸ್ಟ್ಯಾಂಡಿನಲ್ಲಿ ಎರಡು ಬೋಂಡಾ ತಿಂದದ್ದು ಇಂದಿಗೂ ನೆನಪಿದೆ. ಅದಕ್ಕೆ ಮುಂಚೆ ಮೂರು ದಿನ ಮುದ್ದೆ ಮುಟ್ಟಿರಲಿಲ್ಲ.

ಎಕ್ಕ ಒಣಗಿಸುವುದನ್ನು ಕಲಿಸಿದವರೂ ಅಟೆಂಡರಣ್ಣನೇ. "ಕುದಿಯೋ ನೀರಲ್ಲಿ ಒಂದ್ಸಲ ಅದ್ದಿ ತೆಗಿ. ದಿನಾ ಪೇಪರ್ ಬದ್ಲಾಯ್ಸು. ಸೋಮಾರಿಗಳ ಮನೇಲಿ ಎಕ್ಕ ಒಣಗಲ್ಲ ಕಣಮ್ಮ."

ನನ್ನ ಮದುವೆಯ ಪತ್ರಿಕೆ ಕೊಡಲು ಲ್ಯಾಬಿಗೆ ಹೋದಾಗ ಆ ಸ್ಟೂಲಿನ ಮೇಲೆ ಬೇರೊಬ್ಬರು ಕೂತಿದ್ದರು. ಅಟೆಂಡರಣ್ಣ ರಿಟೈರಾಗಿ, ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದರಂತೆ. ಬೀರುವಿನ ಮೇಲೆ ಏನೂ ಇರಲಿಲ್ಲ...

ಸಂಜೆ ಮಗಳು ಬಂದಳು. ಕಾಲೇಜಿನವರು ಕೊಟ್ಟ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಕಲಿಕೆಯಲ್ಲಿ ವಿದ್ಯಾರ್ಥಿಯ ಹಕ್ಕುಗಳು ಅದರ ಒಂದು ಕಡೆ, ಹೊಣೆಗಳು ಇನ್ನೊಂದು ಕಡೆ ಅಚ್ಚಾಗಿದ್ದವು. ಕೊಳೆತ ಕಟ್ಟನ್ನು ತೋರಿಸಿದೆ.

"ಗೊತ್ತಮ್ಮಾ. ಸೀನಿಯರ್ ಅಕ್ಕ ಒಬ್ರು ಅವರ್ದೇ ಹಾಳೆ ಕೊಡ್ತೀನಿ ಅಂದ್ರು."

ಪೆನ್ನು ಹಿಡಿದ ನನ್ನ ಕೈ ನಿಂತಿತು.

"ಬೇಡ ಅಂದೆ. ಬರೀ ಒಂದ್ ಗಿಡ ತಾನೆ, ಇನ್ನೊಂದ್ಸಲ ನೋಡ್ತೀನಿ."

ಎದೆಯ ಮೇಲಿಂದ ಅಕ್ಕಿ ಡ್ರಮ್ಮನ್ನೇ ಇಳಿಸಿದಂತಾಯಿತು. ಸಹಿ ಹಾಕಿ, ಒಲೆಯ ಮೇಲೆ ನೀರಿಟ್ಟೆ. ದೊಡ್ಡಪತ್ರೆಯ ಹೊಸ ಟೊಂಗೆಯನ್ನು ಕುದಿನೀರಿಗೆ ಅದ್ದಿ ತೆಗೆದು ಪೇಪರಿನಲ್ಲಿಟ್ಟೆವು. ಮರುದಿನ ಪೇಪರು ಬದಲಾಯಿಸಿದ ಮಗಳು ಒದ್ದೆಯಾದದ್ದನ್ನು ಮುದುರಿ ಕಸದ ಬುಟ್ಟಿಗೆ ಹಾಕಹೊರಟಳು.

"ಬಿಸಾಡಬೇಡ್ವೇ, ಕೊಡು ಇಲ್ಲಿ," ಎಂದು ಈಸಿಕೊಂಡು, ಒಣಗಿಸಿ ನಮ್ಮ ಬೀರುವಿನ ಮೇಲಿಟ್ಟೆ.