ಲೋಕಾಪುರದಲ್ಲಿ ತಪ್ಪಿದ ವಿಮಾನ

ಗೆಳೆಯರೇ, ವಿಮಾನಕ್ಕೆ ಮನುಷ್ಯರ ಮೇಲೆ ಮಮಕಾರವೇ ಇಲ್ಲ ಎಂಬ ಭಯಂಕರ ಸತ್ಯ ನನಗೆ ಇಂದು ಮಧ್ಯಾಹ್ನ ಲೋಕಾಪುರದಲ್ಲಿ ತಿಳಿಯಿತು.

ಬನಹಟ್ಟಿಯ ನಮ್ಮ ಕಾಕಾ ತಾವೇ ನೇಯ್ದ ಸೀರೆಯನ್ನು ನಾಳೆ ಬೆಳಗಿನ ಮುಹೂರ್ತಕ್ಕೆ ಬೆಂಗಳೂರಿನ ಮದುಮಗಳಿಗೆ ಮುಟ್ಟಿಸಬೇಕು. ಬೆಳಗಾವಿಯಿಂದ ಒಂದು ಗಂಟೆಗೆ ವಿಮಾನ. ಹನ್ನೊಂದಾದರೂ ಕಾಕಾ ಸೆರಗಿಗೆ ಕುಚ್ಚು ಕಟ್ಟುತ್ತ ಕೂತಿದ್ದರು.

"ಬೆಂಗಳೂರಿಗೆ ಬರೇ ಒಂದ ತಾಸಂತ ಮೊಬೈಲನ್ಯಾಗ ಐತಿ. ಯಾಕ ಅವಸರ ಮಾಡ್ತೀಲೇ?"

ಬನಹಟ್ಟಿಯಿಂದ ಬೆಳಗಾವಿಗೇ ಮೂರು ತಾಸು ಬೇಕೆಂದು ಆ ಮೊಬೈಲು ಹೇಳಿರಲಿಲ್ಲ.

ಲೋಕಾಪುರ ಮುಟ್ಟಿದಾಗ ಹನ್ನೆರಡೂವರೆ. ಕಾಕಾ ಶಾಂತವಾಗಿ ವಿಮಾನದವರಿಗೆ ಫೋನ್ ಹಚ್ಚಿದರು.

"ತಂಗೀ, ಲೋಕಾಪುರಕ್ಕ ಬಂದೇವಿ. ನಮ್ಮ ತೇರದಾಳ ಬಸ್ಸಿನ ಡ್ರೈವರ್ ಹೇಳಿದ್ರ ನಿಲ್ಲಸ್ತಾನ. ನಿಮ್ಮ ಡ್ರೈವರಗೂ ಒಂದ ಚಾ ಕುಡಿಸಿ ಕುಂಡ್ರಸವಾ."

"ಸರ್, ವಿಮಾನ ಯಾರಿಗೂ ಕಾಯುವುದಿಲ್ಲ."

ಕಾಕಾ ಫೋನ್ ಇಳಿಸಿ ನನ್ನನ್ನು ನೋಡಿದರು. ಹತ್ತಿರದ ನೆಂಟರು ತೀರಿಕೊಂಡ ಸುದ್ದಿ ಕೇಳಿದ ಮುಖ.

"ಮದಿವಿ ಸೀರಿ ಅಂತ ಹೇಳಿದ್ರೂ?"

"ಹೂಂ ಕಾಕಾ."

ಸಂಜೆ ಮುಧೋಳಕ್ಕೆ ಮರಳಿ, ಸೀರೆಯೊಂದಿಗೆ ಕಾಕಾರನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಬಂದೆ. ಸೀರೆ ಮುಹೂರ್ತಕ್ಕೆ ಮೊದಲೇ ಮುಟ್ಟುತ್ತದೆ. ಕಾಕಾ ಚಾ ಮುಗಿಸುವ ತನಕ ಬಸ್ಸು ಕಾದು ನಿಂತಿತ್ತು.