ಜೋಡಿ ನೋಡುವ ಸೋಮಪ್ಪ

ಸುರೇಬಾನದ ಸೋಮಪ್ಪ ಜನ್ಮದಲ್ಲಿ ಒಮ್ಮೆಯೂ ಲಂಗೋಟಿ ಕಟ್ಟಿ ಅಖಾಡಕ್ಕೆ ಇಳಿದವನಲ್ಲ. ಇಳಿದಿದ್ದರೆ ಎದುರಾಳಿ ಅವನನ್ನು ಹಿಡಿಯುವ ಮೊದಲು ಹುಡುಕಬೇಕಾಗುತ್ತಿತ್ತು, ಅಷ್ಟು ಸಣಕಲು. ಆದರೆ ಕೊಲ್ಹಾಪುರದಿಂದ ದಾವಣಗೆರೆಯ ತನಕ ಕುಸ್ತಿ ಮೈದಾನ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಸಣಕಲು ಮನುಷ್ಯನಿಗೆ ಜನ ಸರಿದು ಜಾಗ ಕೊಡುತ್ತಿದ್ದರು. ಹಣೆಗೆ ವಿಭೂತಿ, ಹೆಗಲಿಗೆ ಟವೆಲ್ಲು, ಬಗಲಲ್ಲಿ ರೊಟ್ಟಿ ಗಂಟು. ಬಂದು ಕೂತನೆಂದರೆ ಹಲಗಿ ಬಾರಿಸುವವರೂ ಒಂದು ಸಲ ಆ ಕಡೆ ನೋಡುತ್ತಿದ್ದರು.

ಮನೆಯ ಕಸುಬು ಕೈಮಗ್ಗ. ಸೀರೆಗೆ ಬೇಕಾದ ನೂಲು ತರಲು ಅವನು ಇಚಲಕರಂಜಿಗೆ ಹೋಗಬೇಕಾಗುತ್ತಿತ್ತು. ಅಲ್ಲಿಂದ ಕೊಲ್ಹಾಪುರ ತೀರ ಪಕ್ಕದಲ್ಲಿ. ಮನೆಯಲ್ಲಿ ನೂಲು ಮುಗಿಯುವುದೂ ಕೊಲ್ಹಾಪುರದಲ್ಲಿ ದೊಡ್ಡ ಕುಸ್ತಿ ನಡೆಯುವುದೂ ಅದು ಹೇಗೋ ಯಾವಾಗಲೂ ಒಂದೇ ವಾರಕ್ಕೆ ಬರುತ್ತಿದ್ದವು.

“ನೂಲು ತರಾಕ ಹೊಂಟಾರೋ, ನೂಲಿನ ನೆಪಾ ಮಾಡಿ ಹೊಂಟಾರೋ, ಆ ಶಿವನಿಗೇ ಗೊತ್ತು,” ಎಂದು ಹೆಂಡತಿ ನಾಗರತ್ನಾ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಬೈಯುತ್ತಲೇ ಎರಡು ದಿನದ ರೊಟ್ಟಿ ಕಟ್ಟುತ್ತಿದ್ದಳು ಎನ್ನುವುದನ್ನು ಸೋಮಪ್ಪ ಗಮನಿಸುತ್ತಿದ್ದ.

ಜೊತೆಗಾರ ರಾಮದುರ್ಗದ ಫಕ್ರುಸಾಬ. ಅವನದೊಂದು ಹಳೆಯ ಟೆಂಪೊ. ಹೋಗುವಾಗ ಅದರ ತುಂಬ ಕುಸ್ತಿ ಹುಚ್ಚಿನವರು, ಬರುವಾಗ ಅವರ ಕಾಲಡಿ ನೂಲಿನ ಗಂಟು. ಇಬ್ಬರೂ ಬಾಲ್ಯದ ಗೆಳೆಯರು, ಆದ್ದರಿಂದ ಯಾವ ವಿಷಯದಲ್ಲೂ ಒಂದು ಮಾತಿಗೆ ಬಂದವರಲ್ಲ. ಫಕ್ರುಸಾಬನಿಗೆ ಗೆದ್ದವನು ಬೇಕು. ಗೆದ್ದವನ ಹೆಸರು ಕೂಗಿ ಕೂಗಿ ಗಂಟಲು ಕೂರಿಸಿಕೊಂಡು, ಊರು ಮುಟ್ಟುವ ತನಕ ಕೈಸನ್ನೆಯಲ್ಲೇ ಜಗಳ ಮಾಡುತ್ತಿದ್ದ. ಸೋಮಪ್ಪನಿಗೆ ಗೆದ್ದವನೂ ಸೋತವನೂ ಒಂದೇ. ಅವನಿಗೆ ಬೇಕಾದದ್ದು ಜೋಡಿ.

ಮೈದಾನಗಳ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಕೊಲ್ಹಾಪುರದ್ದು ಮೈದಾನ ಅಂದರೆ ಮೈದಾನ, ಎಲ್ಲರಿಗಿಂತ ಹಿಂದೆ ಕೂತವನಿಗೂ ಪೈಲ್ವಾನನ ಹೆಬ್ಬೆರಳು ಕಾಣುತ್ತದೆ. ಸಾಂಗ್ಲಿಯ ಜನ ಒಳ್ಳೆಯವರು, ಆದರೆ ಕುಸ್ತಿ ನಡೆಯುವಾಗ ಬಾಯಿ ಮುಚ್ಚುವುದಿಲ್ಲ. ಬೆಳಗಾವಿಯಲ್ಲಿ ತಪ್ಪಿ ಪೂರ್ವದ ಬದಿ ಕೂತರೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಒಮ್ಮೆ ಯಾರೋ ಒತ್ತಾಯ ಮಾಡಿ ದೊಡ್ಡ ಶಹರದ ಒಳಾಂಗಣ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಮೇಲೆ ಫ್ಯಾನು, ಕೆಳಗೆ ರಬ್ಬರಿನ ಮ್ಯಾಟು. ಸೋಮಪ್ಪ ಅಖಾಡದ ಹತ್ತಿರ ಹೋದಾಗ ಯಾವಾಗಲೂ ಚಪ್ಪಲಿ ಕಳೆಯುವವನು, ಅಲ್ಲಿ ಕಳೆಯಲಿಲ್ಲ. “ಹಾಸಿಗಿ ಮ್ಯಾಲೆ ಕುಸ್ತಿ ಆಡ್ತಾರ, ಬಿದ್ದಾಂವ ಹಂಗ ನಿದ್ದಿ ಮಾಡಬೌದು,” ಎಂದು ಊರಿಗೆ ಬಂದು ವರದಿ ಒಪ್ಪಿಸಿದ.

ಜೋಡಿ ಹಚ್ಚುವುದೆಂದರೆ ಏನು ಅಂತ ಹೇಳಿಬಿಡಬೇಕು. ನಮ್ಮ ಕಡೆಯ ಮೈದಾನಗಳಲ್ಲಿ ಕುಸ್ತಿಗೆ ಮೊದಲು ಪಂಚರು ಇಬ್ಬರು ಪೈಲ್ವಾನರ ಕೈ ಹಿಡಿದು ಅಖಾಡದ ಸುತ್ತ ಒಂದು ಸುತ್ತು ತಿರುಗಿಸುತ್ತಾರೆ. ಇಬ್ಬರೂ ಸರಿಸಮರೋ ಅಲ್ಲವೋ ಎಂದು ಕೂತ ಜನ ನೋಡುತ್ತಾರೆ. ಬಲ್ಲವನೊಬ್ಬ ಎದ್ದು ಜೋಡಿ ಇಲ್ಲ ಅಂದರೆ ಆ ಕುಸ್ತಿ ಬಿಡಿಸಿ ಬೇರೆಯವರನ್ನು ತರುತ್ತಾರೆ. ಬೈಲಹೊಂಗಲ, ಸವದತ್ತಿ, ಕಿತ್ತೂರ ಸೀಮೆಯಲ್ಲಿ ಆ ಬಲ್ಲವನು ಸೋಮಪ್ಪ. ಕುತ್ತಿಗೆ ನೋಡುತ್ತಿದ್ದ, ಮೀನಖಂಡ ನೋಡುತ್ತಿದ್ದ, ಉಸಿರು ಹೊಟ್ಟೆಯಿಂದ ಬರುತ್ತದೋ ಎದೆಯಿಂದಲೋ ನೋಡುತ್ತಿದ್ದ. ಆಮೇಲೆ ‘ಹೂಂ’ ಅಥವಾ ‘ಊಹೂಂ’. ಅವನ ‘ಹೂಂ’ ಬಿದ್ದ ಕುಸ್ತಿ ಚಪ್ಪೆಯಾದದ್ದಿಲ್ಲ. ಒಮ್ಮೆಯೂ ತಪ್ಪಿಲ್ಲ ಎಂದು ಜನ ಹೇಳುತ್ತಿದ್ದರು, ಸೋಮಪ್ಪ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

“ಜೋಡಿ ಸರಿ ಇದ್ರ ಸೋತಾಂವನೂ ತಲಿ ಎತ್ತಿ ಮನಿಗೆ ಹೋಕ್ಕಾನ,” ಎನ್ನುತ್ತಿದ್ದ. “ಆನಿ ಮುಂದ ಆಡು ನಿಲ್ಲಿಸಿ ಚಪ್ಪಾಳಿ ಹೊಡೆಯೂದು ಕುಸ್ತಿ ಅಲ್ಲ, ಕಟಕರ ಕೆಲಸ.”

ಇಂಥವನ ಮಗನೇ ಪೈಲ್ವಾನನಾದ.

ಸುಭಾಸ ಚಿಕ್ಕವನಿದ್ದಾಗ ಉಬ್ಬಸದ ಕೂಸು. ಮೋಡ ಕಟ್ಟಿದರೆ ಸಾಕು, ಎದೆಗೂಡು ತಿದಿಯ ಹಾಗೆ ಏಳುತ್ತ ಬೀಳುತ್ತ ಇರುತ್ತಿತ್ತು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ನೀವುತ್ತ ಸೋಮಪ್ಪ ಎಷ್ಟೋ ಮಳೆಗಾಲ ಕಳೆದಿದ್ದ. ಡಾಕ್ಟರು ವ್ಯಾಯಾಮ ಮಾಡಿಸಿರಿ ಅಂದರು, ಹುಡುಗ ಗರಡಿಮನೆಗೆ ಹೋದ, ಹೋದವನು ಅಲ್ಲೇ ನಿಂತ. ಉಬ್ಬಸ ಎಲ್ಲಿ ಹೋಯಿತೋ, ಹುಡುಗನ ಭುಜ ಬಾಗಿಲಿಗೆ ತಾಗತೊಡಗಿತು. ಕಾಲೇಜು ಬಿಟ್ಟು ಕೊಲ್ಹಾಪುರದ ತಾಲೀಮು ಸೇರಿದ. ಸೋಮಪ್ಪ ತುಪ್ಪದ ಡಬ್ಬಿ, ಬದಾಮು ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಟೆಂಪೊದಲ್ಲಿ ಕೂತವರಿಗೆಲ್ಲ ಮಗನ ಸುದ್ದಿ ಹೇಳಿ ಹೇಳಿ ತಲೆ ತಿನ್ನುತ್ತಿದ್ದ. ಆದರೆ ಒಂದು ವಿಚಿತ್ರವಿತ್ತು. ಮಗನ ಕುಸ್ತಿಯ ಸರದಿ ಬಂತೆಂದರೆ ಸೋಮಪ್ಪನಿಗೆ ಸರಿಯಾಗಿ ಅದೇ ಹೊತ್ತಿಗೆ ಚಹಾದ ನೆನಪಾಗುತ್ತಿತ್ತು. ಎದ್ದು ಹೊರಗೆ ಹೋದರೆ ಹಲಗಿ ನಿಂತ ಮೇಲೆಯೇ ವಾಪಸು. ಫಕ್ರುಸಾಬ ಇದನ್ನು ಕಂಡಿದ್ದ, ಆದರೆ ಆಡಿರಲಿಲ್ಲ. ಗೆಳೆಯನಾದವನು ಕೆಲವನ್ನು ಜಗಳಕ್ಕೆ ತರುವುದಿಲ್ಲ.

ತೊಂಬತ್ತೊಂಬತ್ತರ ಚಳಿಗಾಲದಲ್ಲಿ ಬೈಲಹೊಂಗಲದ ಗರಡಿಯವರು ದೊಡ್ಡ ಮೈದಾನ ಇಟ್ಟರು. ಅದರ ಹಿಂದಿನ ವಾರ ಸುಭಾಸ ಊರಿಗೆ ಬಂದ. ಉಂಡು ಕೈ ತೊಳೆದು ತಂದೆಯ ಮುಂದೆ ಕೂತು ನೇರ ಮಾತಿಗೇ ಬಂದ.

“ಅಪ್ಪಾ, ಬೈಲಹೊಂಗಲಕ್ಕ ನೀ ಬರಬ್ಯಾಡ.”

ಸೋಮಪ್ಪ ನಕ್ಕ. ಮಗ ನಗಲಿಲ್ಲ.

“ಸಂಗೊಳ್ಳಿ ಕಾಡಪ್ಪನ ಕೂಡ ಜೋಡಿ ಹಚ್ಚಾಕ ನನ್ನ ಹೆಸರು ಕೇಳಾಕತ್ತಾರ. ನೀ ಅಲ್ಲಿ ಕುಂತಿದ್ರ ಮೈದಾನ ಎಲ್ಲಾ ನಿನ್ನ ಮಾರಿ ನೋಡತೈತಿ. ನೀ ಹೂಂ ಅಂದ್ರ ಮಗಾ ಅಂತ ಹೂಂ ಅಂದಾ ಅಂತಾರ. ಊಹೂಂ ಅಂದ್ರ ನನ್ನ ಕತಿ ಅಲ್ಲಿಗೇ ಮುಗೀತು. ಸೋಮಪ್ಪನ ಬಾಯಾಗ ಜೋಡಿ ಇಲ್ಲಾ ಅನ್ನಿಸ್ಕೊಂಡಾಂವನ್ನ ಮುಂದ ಯಾರು ದೊಡ್ಡ ಕುಸ್ತಿಗೆ ಕರೀತಾರ?”

ಮಾತು ಖರೆ ಇತ್ತು. ಕಾಡಪ್ಪನೆಂದರೆ ಆ ವರ್ಷ ಸೋಲು ಕಾಣದ ಪೈಲ್ವಾನ. ಅವನ ಜೊತೆ ಹಿಡಿದವನ ಹೆಸರು ಮರುದಿನ ಮಹಾರಾಷ್ಟ್ರದ ತನಕ ಮುಟ್ಟುತ್ತಿತ್ತು. ಊರೆಲ್ಲ ನಂಬಿದ ತನ್ನ ಮಾತೇ ಮಗನ ಕಾಲಿಗೆ ತೊಡಕಾಗುತ್ತದೆ ಎಂದು ಸೋಮಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

“ಬರೂದಿಲ್ಲ ಬಿಡಪಾ,” ಅಂದ.

ಕುಸ್ತಿಯ ದಿನ ಬೆಳಿಗ್ಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಲಾಳಿ ಆ ಕಡೆ ಹೋದರೆ ಈ ಕಡೆ ಬರಲಿಲ್ಲ. ಎಳೆ ಹರಿಯಿತು. ಗಂಟು ಹಾಕಿದ, ಮತ್ತೆ ಹರಿಯಿತು. ಸೀರೆಯ ಅಂಚು ಹಾವಿನ ಹಾಗೆ ಸೊಟ್ಟಗಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾಗರತ್ನಾ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ಬಂದಳು.

“ಏಳ್ರಿ ಮ್ಯಾಲೆ. ಉಡಾಕಿಯ ಸೀರಿ ಯಾಕ ಹಾಳ ಮಾಡ್ತೀರಿ? ಹೋಗಿ ಬರ್ರಿ.”

“ಮಗನಿಗೆ ಮಾತು ಕೊಟ್ಟೇನಿ.”

“ನೀವು ಕೊಟ್ಟೀರಿ, ನಾ ಕೊಟ್ಟಿಲ್ಲ. ನಾ ಕಳಸಾಕತ್ತೇನಿ. ಹಿಂದ ಕುಂದರ್ರಿ, ಬಾಯಿ ತೆರೀಬ್ಯಾಡ್ರಿ.”

ಹೊರಗೆ ಬಂದರೆ ಫಕ್ರುಸಾಬನ ಟೆಂಪೊ ನಿಂತಿತ್ತು. ಗಾಲಿಯಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ನೋಡಲು ನಿಲ್ಲಿಸಿದ್ದೇನೆ ಅಂದ. ರಾಮದುರ್ಗದಿಂದ ಸುರೇಬಾನಕ್ಕೆ ಬಂದು ಗಾಳಿ ನೋಡುವವನು ಅವನೊಬ್ಬನೇ. ಮುನವಳ್ಳಿ ದಾಟುವ ತನಕ ಇಬ್ಬರೂ ಮಾತಾಡಲಿಲ್ಲ. ಅವರ ಸ್ನೇಹದಲ್ಲಿ ಅಷ್ಟು ದೂರ ಜಗಳವಿಲ್ಲದೆ ಸಾಗಿದ್ದು ಅದೇ ಮೊದಲು.

ಮೈದಾನ ತುಂಬಿ ತುಳುಕುತ್ತಿತ್ತು. ಸೋಮಪ್ಪ ಟವೆಲ್ಲು ತಲೆಗೆ ಹೊದ್ದು, ಮುಖದ ಅರ್ಧಕ್ಕೆ ಎಳೆದುಕೊಂಡು, ಎಲ್ಲರಿಗಿಂತ ಹಿಂದೆ ಹೋಗಿ ಮುದುಡಿ ಕೂತ. ತಾನು ಯಾರಿಗೂ ಕಾಣುತ್ತಿಲ್ಲ ಎಂದು ಅವನ ನಂಬಿಕೆ. ಪಕ್ಕದಲ್ಲಿದ್ದವನು ಬಾಗಿ, “ಸೋಮಣ್ಣಾರ, ಥಂಡಿ ಹತ್ತೇತೇನ್ರಿ?” ಅಂದ. ಹಿಂದಿನವನು ಬೀಡಿ ಚಾಚಿದ. ಮುಂದಿನ ಸಾಲಿನವರು ಹೊರಳಿ ನಮಸ್ಕಾರ ಹೇಳಿದರು. ಫಕ್ರುಸಾಬ ನಗು ತಡೆಯಲು ಕೆಮ್ಮಿದ.

ಕಡೆಯ ಕುಸ್ತಿಗೆ ಪಂಚ ಗಂಗಯ್ಯ ಸುಭಾಸನನ್ನೂ ಕಾಡಪ್ಪನನ್ನೂ ಕೈ ಹಿಡಿದು ತಂದ. ಸುತ್ತು ಮುಗಿಯಿತು. ಒಂದು ಕಡೆಯವರು ಆಗಲಿ ಎಂದು ಕೂಗಿದರು, ಇನ್ನೊಂದು ಕಡೆಯವರು ಸುರೇಬಾನದ ಹುಡುಗ ಇನ್ನೂ ಹಸಿ ಅಂದರು. ಗದ್ದಲ ಏರಿತು. ಗಂಗಯ್ಯ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ನೇರ ಟವೆಲ್ಲಿನ ಕಡೆ ನೋಡಿದ.

“ಸೋಮಪ್ಪಣ್ಣಾ, ಅಲ್ಲಿ ಅಡಗಿ ಕುಂತ್ರ ಹೆಂಗ? ಇಷ್ಟ ವರ್ಷ ಮಂದಿ ಮಕ್ಕಳ ಜೋಡಿ ಹೇಳಿದಿ. ಇವತ್ತ ನಿಂದೂ ಹೇಳು.”

ಸೋಮಪ್ಪ ಎದ್ದು ನಿಂತ. ಟವೆಲ್ಲು ತಾನಾಗಿಯೇ ಜಾರಿ ಹೆಗಲಿಗೆ ಬಂತು. ಮೊದಲು ಕಾಡಪ್ಪನನ್ನು ನೋಡಿದ. ಕುತ್ತಿಗೆ, ತೊಡೆ, ಮೀನಖಂಡ ಎಲ್ಲವೂ ನಿಚ್ಚಳವಾಗಿ ಕಂಡವು, ಎಮ್ಮೆಯ ಬಲ. ಆಮೇಲೆ ಮಗನನ್ನು ನೋಡಿದ. ನೋಡಿದ, ಮತ್ತೆ ನೋಡಿದ. ಕುತ್ತಿಗೆ ಕಾಣಲಿಲ್ಲ, ಕಾಲು ಕಾಣಲಿಲ್ಲ. ಕಂಡದ್ದು ತೊಡೆಯ ಮೇಲೆ ಕೂತು ಉಸಿರಿಗೆ ಒದ್ದಾಡುವ ಆ ಕೂಸು, ಅದರ ಎದೆಗೂಡಿನ ಎಲುಬುಗಳು. ಕಣ್ಣು ಒರೆಸಿಕೊಂಡು ನೋಡಿದರೂ ಅದೇ. ಮಗನೂ ಒಮ್ಮೆ ತಲೆ ಎತ್ತಿ ತಂದೆಯನ್ನು ನೋಡಿದ. ಬೇಡಿಕೊಳ್ಳುವ ನೋಟ ಅದು.

“ಜೋಡಿ ಇಲ್ಲ,” ಅಂದ ಸೋಮಪ್ಪ. “ಬಿಡಿಸ್ರಿ.”

ಎಲ್ಲೋ ಒಬ್ಬ ಕಿಸಕ್ಕೆಂದ, ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಸುಭಾಸನ ಮುಖ ಅಖಾಡದ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ಗಂಗಯ್ಯ ಅವನ ಕೈ ಬಿಡುವವನಿದ್ದ.

ಆದರೆ ಪೈಲ್ವಾನನಿಗೆ ಪಂಚರ ಮೇಲೂ ಒಂದು ಹಕ್ಕಿದೆ. ಅವನು ಮಣ್ಣು ಎತ್ತಿ ಎದುರಾಳಿಗೆ ಕೊಟ್ಟರೆ, ಎದುರಾಳಿ ಅದನ್ನು ತೆಗೆದುಕೊಂಡರೆ, ಆಮೇಲೆ ಯಾವ ಬಲ್ಲವನ ಮಾತೂ ನಡೆಯುವುದಿಲ್ಲ. ಸುಭಾಸ ಬಾಗಿ ಹಿಡಿ ಮಣ್ಣು ಎತ್ತಿದ. ಕಾಡಪ್ಪ ಸಭ್ಯ ಮನುಷ್ಯ. ಹಿರಿಯನ ಮಾತು ಮೀರುವುದು ಹೇಗೆ ಎಂದು ಸೋಮಪ್ಪನ ಕಡೆ ನೋಡಿದ, ಸುಭಾಸನ ಕಣ್ಣು ನೋಡಿದ, ಅಂಗೈ ಚಾಚಿದ. ಹಲಗಿ ಎದ್ದಿತು.

ಸೋಮಪ್ಪನ ಕಾಲು ಬಾಗಿಲ ಕಡೆ ಹೊರಳಿತು. ಫಕ್ರುಸಾಬ ಅಂಗಿ ಹಿಡಿದು ಜಗ್ಗಿದ.

“ಎಲ್ಲಿ ಹೊಂಟಿ? ಚಾ ಮುಗದೈತಿ ಹೊರಗ. ಕುಂದರು ಸುಮ್ನ. ಮಂದಿ ಮಕ್ಕಳ ಕುಸ್ತಿ ಕಣ್ಣ ತೆರದು ನೋಡಿದಿ, ನಿನ್ನ ಮಗಂದು ಯಾರ ನೋಡಬೇಕು?”

ಕೂತ. ನೋಡತೊಡಗಿದ್ದೇ ತಡ ಕಾಡಪ್ಪ ಒಂದೇ ಎಳೆತಕ್ಕೆ ಸುಭಾಸನನ್ನು ಬೋರಲು ಕೆಡವಿ ಮೇಲೆ ಬಿದ್ದ. “ಸೋಮಪ್ಪ ಹೇಳಿದ್ನಲ್ಲೋ!” ಎಂದು ಯಾರೋ ಕೂಗಿದರು. ಆ ಕೂಗಿಗೆ ಸೋಮಪ್ಪನ ಮನಸ್ಸಿನ ಮೂಲೆಯಲ್ಲಿ ಒಂದು ಖುಷಿ ಮೂಡಿತು, ತನ್ನ ಮಾತು ಗೆದ್ದಿತೆಂದು. ಹಿಂದೆಯೇ ನಾಚಿಕೆ ಬಂತು, ಇಷ್ಟು ಹೊಲಸು ಖುಷಿ ತನ್ನೊಳಗೆ ಇತ್ತೇ ಎಂದು. ಮಗ ಮಣ್ಣು ಕಚ್ಚಿಕೊಂಡು ಬಿದ್ದಿರುವಾಗ ತಂದೆ ತನ್ನ ಹೆಸರಿನ ಲೆಕ್ಕ ಹಾಕುತ್ತಿದ್ದಾನಲ್ಲ!

ಅಷ್ಟರಲ್ಲಿ ಸುಭಾಸ ಸೊಂಟ ತಿರುವಿದ. ಕಾಡಪ್ಪನ ಹಿಡಿತದಿಂದ ಜಾರಿ, ಮೊಣಕಾಲೂರಿ ಎದ್ದು ನಿಂತು ತೊಡೆ ತಟ್ಟಿದ. ಆಗ ಸೋಮಪ್ಪನಿಗೆ ಮೊದಲ ಸಲ ಅವನ ಕಾಲು ಕಂಡವು. ನೆಲ ಹಿಡಿದು ನಿಂತ ಪಾದ. ಭುಜದಿಂದ ಕಿವಿಯ ತನಕ ಏರಿದ ಕುತ್ತಿಗೆ. ಮತ್ತು ಉಸಿರು: ಕಾಡಪ್ಪ ಬಾಯಿ ತೆರೆದು ಏದುತ್ತಿದ್ದ, ಈ ಹುಡುಗನ ಬಾಯಿ ಮುಚ್ಚೇ ಇತ್ತು, ಗಾಳಿ ಹೊಟ್ಟೆಯ ಬುಡದಿಂದ ತಣ್ಣಗೆ ಬಂದು ಹೋಗುತ್ತಿತ್ತು. ಉಬ್ಬಸದ ಕೂಸು ಹೋಗಿ ಯಾವ ಕಾಲವಾಗಿತ್ತೋ. ತಂದೆಯೊಬ್ಬನೇ ಅದನ್ನು ಇನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದ.

“ಫಕ್ರು, ಯಾಂವಲೇ ಇಂವ!” ಅಂದ ಸೋಮಪ್ಪ.

“ನಿನ್ನ ಮಗಾ,” ಅಂದ ಫಕ್ರುಸಾಬ.

ಕಾಡಪ್ಪ ಎತ್ತಿದರೆ ಸುಭಾಸ ಕಾಲು ಸಿಗಿಸುತ್ತಿದ್ದ. ಸುಭಾಸ ಪಟ್ಟು ಹಾಕಿದರೆ ಕಾಡಪ್ಪ ಬಂಡೆಯಾಗುತ್ತಿದ್ದ. ಹೊತ್ತು ಇಳಿಯಿತು, ಹಲಗಿಯವರ ಕೈ ಸೋತಿತು, ಜನ ಎದ್ದು ನಿಂತವರು ಕೂರುವುದನ್ನೇ ಮರೆತರು. ಕೊನೆಗೆ ಬೆಳಕು ಹೋಗುತ್ತದೆಂದು ಗಂಗಯ್ಯ ನಡುವೆ ನುಗ್ಗಿ ಇಬ್ಬರ ಕೈಯನ್ನೂ ಒಟ್ಟಿಗೆ ಎತ್ತಿದ. “ಬರೋಬರಿ!” ಎಂದು ಕೂಗಿದ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಗೆದ್ದಿದ್ದರೆ ಅದೃಷ್ಟ ಅನ್ನಬಹುದಿತ್ತು. ಸರಿಸಮ ನಿಂತ ಮೇಲೆ ಜೋಡಿ ಅಲ್ಲ ಎನ್ನಲು ಯಾವ ಬಾಯಿಗೂ ಜಾಗ ಉಳಿಯಲಿಲ್ಲ.

ಜನ ಸೋಮಪ್ಪನ ಕಡೆ ತಿರುಗಿದರು. “ಸೋಮಣ್ಣಾ, ಏನಾತೋ ನಿನ್ನ ಮಾತು?” ಎಂದು ನಾಲ್ಕೂ ಕಡೆಯಿಂದ ಚೇಷ್ಟೆ ಶುರುವಾಯಿತು. ಸೋಮಪ್ಪ ಜನರ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದ. ಅಖಾಡದ ಅಂಚಿಗೆ ನಿಂತು ಗಂಟಲು ಕಿತ್ತು ಹೋಗುವಂತೆ ಕೂಗಿ ಹೇಳಿದ.

“ನಂದು ತಪ್ಪಾತ್ರೀ! ಇಂಥಾ ಜೋಡಿ ನಾ ಕೊಲ್ಹಾಪುರದಾಗೂ ನೋಡಿಲ್ಲ!”

ಸುಭಾಸ ಮೈ ತುಂಬ ಮಣ್ಣಾಗಿ ಎದುರು ಬಂದ.

“ಬರೂದಿಲ್ಲ ಅಂದಿದ್ದಿ.”

“ನಿಮ್ಮವ್ವ ಕಳಿಸಿದ್ಲು,” ಅಂದ ಸೋಮಪ್ಪ. ಮಗ ತಡೆದು ತಡೆದು ಕಡೆಗೆ ನಕ್ಕೇಬಿಟ್ಟ.

ಮುಂದೆಯೂ ಸೋಮಪ್ಪ ಮೈದಾನ ತಿರುಗುವುದನ್ನು ಬಿಡಲಿಲ್ಲ. ಜನರೂ ಅವನನ್ನು ಕೇಳುವುದು ಬಿಡಲಿಲ್ಲ. ಅಖಾಡದಲ್ಲಿ ಸುಭಾಸ ಇದ್ದರೆ ಮಾತ್ರ ಪಂಚರು ಫಕ್ರುಸಾಬನ ಕಡೆ ನೋಡುತ್ತಿದ್ದರು. ಸಾಂಗ್ಲಿ, ಮಿರಜ, ದಾವಣಗೆರೆ ಎಲ್ಲ ಕಡೆ ಸೋಮಪ್ಪ ಬೈಲಹೊಂಗಲದ ಕತೆಯನ್ನು ತಾನೇ ತೆಗೆದು, ತಾನು ಹೇಗೆ ತಪ್ಪಿದೆನೆಂದು ಕೈ ಕಾಲು ಆಡಿಸಿ ವರ್ಣಿಸುತ್ತಿದ್ದ. ಸರಿ ಹೇಳಿದ ನೂರಾರು ಜೋಡಿಗಳಲ್ಲಿ ಒಂದನ್ನೂ ಅಷ್ಟು ಚೆಂದ ಹೇಳಿದ್ದು ಯಾರಿಗೂ ನೆನಪಿಲ್ಲ.

ಆ ಕುಸ್ತಿಯ ರಾತ್ರಿ ಟೆಂಪೊ ಮನೆಯ ಮುಂದೆ ನಿಂತಾಗ ನಾಗರತ್ನಾ ಬಾಗಿಲಲ್ಲೇ ಇದ್ದಳು. ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಗಂಡ ಮಗ ಇಬ್ಬರ ಮುಖವನ್ನೂ ನೋಡಿದಳು, ಏನೂ ಗೊತ್ತಾಗಲಿಲ್ಲ.

“ಯಾರ ಗೆದ್ರಿ? ಯಾರ ಸೋತ್ರಿ? ಲಗೂನ ಹೇಳ್ರಿ!”

“ಇಂವ ಸೋಲಲಿಲ್ಲ, ಕಾಡಪ್ಪನೂ ಸೋಲಲಿಲ್ಲ,” ಎಂದ ಸೋಮಪ್ಪ. ನಗುತ್ತಿದ್ದ, ಅಳುತ್ತಲೂ ಇದ್ದ. “ನಾ ಸೋತ್ನಿ, ನಾಗರತ್ನಾ. ಎಲ್ಲಾರ ಮುಂದ ಚಿತ್ತಾಗಿ ಸೋತ್ನಿ.”